ಬದಲಿಯವಳ ಗಾಯ

ನನ್ನ ಮೈಮೇಲೆ ಹದಿನೇಳು ಗಾಯದ ಕಲೆಗಳಿವೆ. ಅವುಗಳಲ್ಲಿ ನಾನೇ ಸ್ವತಃ ಮಾಡಿಕೊಂಡವು ಎರಡು. ಒಂದು, ಮದುವೆಯ ದಿನ ಹೊಸ ಚಪ್ಪಲಿ ಕಚ್ಚಿದ್ದು. ಇನ್ನೊಂದು, ನೆಂಟರ ಮುಂದೆ ಶೌರ್ಯ ತೋರಿಸಲು ಹಲಸಿನಹಣ್ಣು ಹೆಚ್ಚಹೋಗಿ ಕತ್ತಿ ಜಾರಿದ್ದು. ಉಳಿದ ಹದಿನೈದೂ ಐಸ್ ಫ್ಯಾಕ್ಟರಿಯಲ್ಲಿ ಆದ ಗಾಯಗಳು. ಆ ಫ್ಯಾಕ್ಟರಿಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಕಾಯಂ ನೌಕರ. ನಾನೀಗ ಹೇಳಹೊರಟಿರುವುದು ನಡೆದ ಹೊತ್ತಿಗೆ ನಾನು ಅದರೊಳಗೆ ಕೊನೆಯ ಸಲ ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು.

ಬೇರೆ ಊರಿನವರಿಗೆ ಇದನ್ನು ಹೇಳಿದರೆ ಒಂದು ಕ್ಷಣ ನನ್ನ ಮುಖ ನೋಡಿ ಮಾತು ಬದಲಿಸುತ್ತಾರೆ. ನಮ್ಮೂರಿನಲ್ಲಿ ಇದು ವಿಶೇಷವೇನಲ್ಲ. ಇಲ್ಲಿ ಕೆಲಸದ ಜಾಗದಲ್ಲಿ ಏಟಾದರೆ ಅದು ಕೆಲಸ ಮಾಡುತ್ತಿದ್ದವರ ಮೈಗೆ ಬರುವುದಿಲ್ಲ, ಆ ಹೊತ್ತಿನಲ್ಲಿ ಹಾಜರಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರ ಮೈಗೆ ಬರುತ್ತದೆ. ನನ್ನ ತಾತನ ಕಾಲದಲ್ಲೂ ಹೀಗೇ ಇತ್ತಂತೆ. ಮದುವೆಯ ಊಟಕ್ಕೆ ಕೂತ ಕಾಯಂ ನೌಕರನೊಬ್ಬ ಇದ್ದಕ್ಕಿದ್ದಂತೆ "ಅಯ್ಯೋ" ಎಂದು ಹೋಳಿಗೆ ಕೈಬಿಟ್ಟರೆ ಪಕ್ಕದವರು ಏನಾಯಿತೆಂದು ಕೇಳುವುದಿಲ್ಲ. "ಎಡಗೈಯೋ ಬಲಗೈಯೋ?" ಎಂದು ಕೇಳಿ, ಹೋಳಿಗೆಯನ್ನು ಎಲೆಯ ಆ ಬದಿಯಿಂದ ಈ ಬದಿಗೆ ಸರಿಸಿಕೊಡುತ್ತಾರೆ. ಔಷಧಿ ಅಂಗಡಿಯವನು ಹತ್ತಿ, ಟಿಂಚರು ಹಿಡಿದುಕೊಂಡು ಫ್ಯಾಕ್ಟರಿಯ ಹತ್ತಿರ ಸುಳಿಯುವುದೇ ಇಲ್ಲ, ಟೀ ಅಂಗಡಿಯ ಬಳಿ ಸುಳಿದಾಡುತ್ತಾನೆ. ನಾವಿರುವುದು ಅಲ್ಲೇ ತಾನೆ.

ಕಾಯಂ ನೌಕರರಾದ ನಾವು ಒಂಬತ್ತು ಜನ. ನಮ್ಮ ಒಂಬತ್ತು ಹೆಸರಿನಲ್ಲಿ ಒಳಗೆ ದುಡಿಯುತ್ತಿದ್ದವರು ಬದಲಿಗಳು. ನಮ್ಮ ಸಂಬಳದಲ್ಲಿ ಅವರಿಗೆ ಒಂದು ಪಾಲು, ಅವರ ಗಾಯಗಳು ನಮ್ಮ ಪಾಲು. ಇದು ನ್ಯಾಯವಾದ ಒಪ್ಪಂದವೆಂದು ನಾನು ಎಷ್ಟೋ ಸಲ ಟೀ ಅಂಗಡಿಯಲ್ಲಿ ವಾದಿಸಿ ಗೆದ್ದಿದ್ದೇನೆ. ಕೇಳುತ್ತಿದ್ದವರೆಲ್ಲ ಕಾಯಂ ನೌಕರರೇ ಆದ್ದರಿಂದ ಗೆಲ್ಲುವುದು ಕಷ್ಟವಿರಲಿಲ್ಲ.

ಮೊದಲು ನನ್ನ ಹೆಸರಿನಲ್ಲಿ ದುಡಿಯುತ್ತಿದ್ದವನು ತಮ್ಮಣ್ಣಾಚಾರಿ ಎಂಬ ಮುದುಕ. ಬೆಳಗ್ಗೆ ಆರಕ್ಕೆ ಹೋಗಿ ಎರಡಕ್ಕೆ ಮನೆಗೆ ಬಂದು ಉಂಡು ಮಲಗುವವನು. ಹತ್ತು ವರ್ಷದಲ್ಲಿ ಅವನಿಂದ ನನಗೆ ಬಂದದ್ದು ಎರಡೇ ಗಾಯ, ಎರಡೂ ಸಣ್ಣವು. ಆಮೇಲೆ ಹೊಸ ಮ್ಯಾನೇಜರ್ ಬಂದ. ಅವನು ಪಾಳಿಯ ಗಂಟೆಯನ್ನು ನಿಲ್ಲಿಸಿ ಫ್ಯಾಕ್ಟರಿಯ ತಾರಸಿಯ ಮೇಲೆ ಒಂದು ಕೆಂಪು ಬಾವುಟ ಕಟ್ಟಿಸಿದ. ಐಸ್ ಬೇಕೆಂದು ಎಲ್ಲಿಂದಲಾದರೂ ಹೇಳಿ ಬಂದಾಗ ಬಾವುಟ ಏರುತ್ತದೆ, ಆಗ ಬದಲಿಗಳು ಓಡಿ ಬರಬೇಕು. ಕೆಲಸ ಮುಗಿದರೆ ಇಳಿಯುತ್ತದೆ, ಆಗ ಹೋಗಬೇಕು. ಬೆಳಗಿನ ಜಾವ ಏರಬಹುದು, ಊಟದ ಹೊತ್ತಿಗೆ ಏರಬಹುದು, ಇಳಿದ ಹತ್ತೇ ನಿಮಿಷಕ್ಕೆ ಮತ್ತೆ ಏರಬಹುದು. ಇದಕ್ಕೆ ಅವನು ಅನುಕೂಲ ಪದ್ಧತಿ ಎಂದು ಹೆಸರಿಟ್ಟ. ಯಾರ ಅನುಕೂಲ ಎಂದು ಯಾರೂ ಕೇಳಲಿಲ್ಲ. ನನಗಂತೂ ಕೇಳುವ ಅಗತ್ಯ ಕಾಣಲಿಲ್ಲ. ಬಾವುಟ ಏರಿದರೂ ಇಳಿದರೂ ನಾನು ಟೀ ಅಂಗಡಿಯ ಬೆಂಚಿನ ಮೇಲೇ ಇರುತ್ತಿದ್ದೆ. ತಮ್ಮಣ್ಣಾಚಾರಿ ಮಾತ್ರ ಮೂರು ವಾರ ಆಕಾಶ ನೋಡಿಕೊಂಡು ಊಟ ಮಾಡಿ, ಕತ್ತು ಹಿಡಿದುಕೊಂಡು, "ನನ್ನ ಕೈಲಾಗಲ್ಲ ಸ್ವಾಮಿ" ಎಂದು ಬಿಟ್ಟ.

ಅದಾದ ಎರಡು ದಿನಕ್ಕೆ ಒಬ್ಬ ಹೆಂಗಸು ನಮ್ಮ ಮನೆಯ ಬಾಗಿಲಿಗೆ ಬಂದಳು. ಮೂವತ್ತೈದರ ಆಸುಪಾಸು, ಎತ್ತರದ ಆಳು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು.

"ಅಣ್ಣ, ನಿಮ್ಮ ಹೆಸರು ಖಾಲಿ ಐತಂತಲ್ಲ?" ಎಂದು, ಬಾಡಿಗೆ ಮನೆ ಕೇಳುವವರಂತೆ ಕೇಳಿದಳು.

ಅವಳೇ ಮುದ್ದಮ್ಮ. ಗಂಡ ಇರಲಿಲ್ಲ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದರು. ಹೆಂಗಸು ಬೋರಲಿಂಗಯ್ಯ ಎಂಬ ನನ್ನ ಹೆಸರಿನಲ್ಲಿ ಹೇಗೆ ಕೆಲಸ ಮಾಡುತ್ತಾಳೆ ಎಂದು ನಾನು ಅನುಮಾನಿಸಿದೆ. "ಪುಸ್ತಕ ಮೀಸೆ ನೋಡ್ತದಾ ಅಣ್ಣ?" ಎಂದಳು. ನನ್ನ ಹೆಂಡತಿ ದೇವೀರಮ್ಮ ಒಳಗಿನಿಂದ ನಕ್ಕಳು. ಅಲ್ಲಿಗೆ ಒಪ್ಪಂದವಾಯಿತು.

ಬಾವುಟದ ಕೆಲಸವನ್ನು ನಂಬಿ ಒಂದೇ ಹೆಸರಿನಲ್ಲಿ ದುಡಿದರೆ ಮನೆ ನಡೆಯುವುದಿಲ್ಲ. ಆದ್ದರಿಂದ ಮುದ್ದಮ್ಮ ನನ್ನ ಹೆಸರಿನ ಜೊತೆಗೆ ಇನ್ನಿಬ್ಬರು ಕಾಯಂ ನೌಕರರಾದ ಖಲಂದರ್ ಸಾಬಿಯ ಹೆಸರನ್ನೂ, ಜವರಪ್ಪನ ಹೆಸರನ್ನೂ ಹಿಡಿದಳು. ಬಾವುಟ ದಿನಕ್ಕೆ ಮೂರು ಸಲ ಏರಿದರೆ ಮೊದಲ ಸಲ ಬೋರಲಿಂಗಯ್ಯ, ಎರಡನೆಯ ಸಲ ಖಲಂದರ್ ಸಾಬಿ, ಮೂರನೆಯ ಸಲ ಜವರಪ್ಪ. ಯಾವ ಹೊತ್ತಿಗೆ ಏರುತ್ತದೆಂದು ತಿಳಿಯದ ಕಾರಣ ಅವಳು ಒಂದು ಕಣ್ಣನ್ನು ಬಾವುಟದ ಮೇಲಿಟ್ಟೇ ಅನ್ನ ಬೇಯಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಬಹುಶಃ ನಿದ್ದೆಯನ್ನೂ ಹಾಗೇ ಮಾಡುತ್ತಿದ್ದಳು.

ನನ್ನ ಗಾಯಗಳು ಶುರುವಾದದ್ದು ಆಗ. ಮೊದಲ ತಿಂಗಳು ಮೊಣಕೈ ಉಜ್ಜಿಹೋಯಿತು. ಎರಡನೆಯ ತಿಂಗಳು, ಕ್ಷೌರಕ್ಕೆ ಕೂತಿದ್ದಾಗ, ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿ ಊದಿಕೊಂಡಿತು. ಕ್ಷೌರಿಕ ತನ್ನ ತಪ್ಪೇನೋ ಎಂದು ನನ್ನ ಗಲ್ಲವನ್ನೆಲ್ಲ ತಡವಿ ನೋಡಿದ. ನಂತರ ಹಣೆಗೆ ಬುಗುಟು, ಅಂಗೈಗೆ ಕೊಕ್ಕೆ ಗೀರಿದ್ದು, ಮೊಣಕಾಲು, ಮತ್ತೆ ಮೊಣಕಾಲು. ಒಂದು ವರ್ಷದಲ್ಲಿ ಹದಿಮೂರು. ದೇವೀರಮ್ಮ ಅರಿಶಿನ ಹಚ್ಚಿ ಹಚ್ಚಿ, ದೂರದಿಂದ ನೋಡಿದವರಿಗೆ ನಾನು ಯಾವಾಗಲೂ ಮದುಮಗನಂತೆ ಕಾಣುತ್ತಿದ್ದೆ.

ಕೊನೆಗೆ ನನಗೆ ಸಿಟ್ಟು ಬಂತು. ಹೋಗಿ ಅವಳನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಒಗೆದ ಅಂಗಿ ಹಾಕಿಕೊಂಡು, ಹನ್ನೊಂದು ವರ್ಷದ ಮೇಲೆ ಫ್ಯಾಕ್ಟರಿಯ ಗೇಟಿಗೆ ಹೋದೆ.

"ಯಾರು?" ಎಂದ ಕಾವಲುಗಾರ.

"ಬೋರಲಿಂಗಯ್ಯ."

ಅವನು ಪುಸ್ತಕ ತೆರೆದು ಬೆರಳಿಟ್ಟು ನೋಡಿದ. "ಬೋರಲಿಂಗಯ್ಯ ಬೆಳಗ್ಗೇನೇ ಒಳಗೆ ಹೋಗವ್ನೆ. ನೀನ್ಯಾರು?"

"ನಾನೇ ಕಣಯ್ಯ ಬೋರಲಿಂಗಯ್ಯ!"

"ಅಂಗಾರೆ ಒಳಗಿರೋನು ಹೊರಗೆ ಬರ್ಲಿ, ಆಮೇಲೆ ನಿನ್ನ ಬಿಡ್ತೀನಿ. ಇಬ್ಬಿಬ್ರು ಬೋರಲಿಂಗಯ್ಯನ್ನ ನಾನೆಲ್ಲಿ ಇಟ್ಕೊಳ್ಲಿ?"

ಅವನ ಜೊತೆ ವಾದಿಸಿ ಗೆಲ್ಲಲಾಗಲಿಲ್ಲ, ಅವನು ಕಾಯಂ ಅಲ್ಲ. ಹಿಂಬದಿಗೆ ಹೋಗಿ ಗಾಜೊಡೆದ ಕಿಟಕಿಯಲ್ಲಿ ಇಣುಕಿದೆ. ಒಳಗೆ ಹೊಗೆಯಂಥ ತಣ್ಣನೆಯ ಹಬೆ. ಉದ್ದನೆಯ ಉಪ್ಪುನೀರಿನ ತೊಟ್ಟಿ, ಅದರಲ್ಲಿ ಸಾಲಾಗಿ ಮುಳುಗಿಸಿಟ್ಟ ತಗಡಿನ ಡಬ್ಬಗಳು. ಡಬ್ಬದೊಳಗಿನ ನೀರು ಗಟ್ಟಿಯಾದ ಮೇಲೆ ಸರಪಳಿಯಿಂದ ಮೇಲೆತ್ತಿ, ಮಗುಚಿ, ಆಳುದ್ದದ ಗಡ್ಡೆಯನ್ನು ಕೊಕ್ಕೆ ಹಾಕಿ ಎಳೆಯಬೇಕು. ನೆಲವೆಲ್ಲ ನೀರು. ಅಲ್ಲಿ ಮುದ್ದಮ್ಮ ನಿಂತಿದ್ದಳು. ನಿಲ್ಲಿಸಿಟ್ಟ ಒಂದು ಐಸ್ ಗಡ್ಡೆಗೆ ಕೆನ್ನೆ ಆನಿಸಿ, ಕೈಯಲ್ಲಿ ಕೊಕ್ಕೆ ಹಿಡಿದು, ಕಣ್ಣು ಮುಚ್ಚಿದ್ದಳು. ಅವಳು ನಿಂತುಕೊಂಡೇ ನಿದ್ದೆ ಮಾಡುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳ ತಲೆಯಿಂದ ಎರಡು ಮೊಳ ಮೇಲೆ ತುಂಬಿದ ಡಬ್ಬವೊಂದು ಸರಪಳಿಯಲ್ಲಿ ಮೆಲ್ಲಗೆ ತೂಗುತ್ತಿತ್ತು.

ಅವಳನ್ನು ಕಂಡು ಮರುಗಿದೆ ಎಂದು ಬರೆದರೆ ನನಗೂ ಚೆನ್ನಾಗಿರುತ್ತದೆ, ಓದುವವರಿಗೂ ಹಿತವಾಗಿರುತ್ತದೆ. ನಿಜವೇನೆಂದರೆ, ನಾನು ಮೊದಲು ಮಾಡಿದ ಕೆಲಸ ಎರಡೂ ಕೈಯಿಂದ ನನ್ನ ತಲೆ ಮುಚ್ಚಿಕೊಂಡದ್ದು. ಕೂಗಿದರೆ ಬೆಚ್ಚಿ ಜಾರುತ್ತಾಳೆ, ಜಾರಿದರೆ ನನಗೆ ಏಟಾಗುತ್ತದೆ ಎಂದು ಕೂಗಲೂ ಇಲ್ಲ. ಯಾರೋ ಅವಳನ್ನು ಕರೆಯುವವರೆಗೆ ಹಾಗೆಯೇ ತಲೆಯ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಹೊರಗೆ ನಿಂತಿದ್ದೆ.

ಮಾರನೆಯ ದಿನದಿಂದ ನಾನು ಬಹಳ ಒಳ್ಳೆಯ ಮನುಷ್ಯನಾದೆ. ಮುದ್ದಮ್ಮನಿಗೆ ರಬ್ಬರ್ ಬೂಟು ಕೊಡಿಸಿದೆ. ಕೈಗೆ ದಪ್ಪ ಗವಸು ಕೊಡಿಸಿದೆ. ಬಾವುಟ ಏರುವ ಮುಂಚೆ ನಮ್ಮ ಮನೆಗೆ ಬಂದು ಮಲಗು, ಬಾವುಟ ನಾನು ನೋಡಿಕೊಳ್ಳುತ್ತೇನೆ, ಏರಿದ ಕೂಡಲೇ ಎಬ್ಬಿಸುತ್ತೇನೆ ಎಂದೆ. ಅವಳು ನನ್ನನ್ನು ಅನುಮಾನದಿಂದ ನೋಡಿ, ನಂತರ ದೇವೀರಮ್ಮನನ್ನು ನೋಡಿ, ಒಪ್ಪಿದಳು. ಮೊದಲ ದಿನ ದೇವೀರಮ್ಮ ತಟ್ಟೆಗೆ ರೊಟ್ಟಿ ಹಾಕಿ ಚಟ್ನಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಗೋಡೆಗೊರಗಿ ನಿದ್ದೆ ಹೋಗಿದ್ದಳು.

ದೇವೀರಮ್ಮ ಅವಳ ಕಾಲನ್ನು ಚಾಪೆಯ ಮೇಲೆ ನೀಡಿಸಿ ಬಹಳ ಹೊತ್ತು ನೋಡಿದಳು. ಪಾದಗಳು ಊದಿ, ಬೆರಳುಗಳ ಸಂದು ಬೆಳ್ಳಗೆ ನೆನೆದಿದ್ದವು. ಉಸಿರಾಟದಲ್ಲಿ ಒಂದು ಸಣ್ಣ ಸಿಳ್ಳೆಯಿತ್ತು. ಆದರೆ ಮೈಮೇಲೆ ಎಲ್ಲಿಯೂ ಒಂದು ಗೀರಿರಲಿಲ್ಲ.

"ನೋಡ್ರೀ," ಎಂದಳು ನನಗೆ. "ನಿಮ್ಮ ಮೈ ತುಂಬ ಗಾಯ ಅದೆ, ಇವಳ ಮೈಮ್ಯಾಲೆ ಒಂದೂ ಇಲ್ಲ. ಆದ್ರೂ ಇಬ್ಬರಲ್ಲಿ ಕಾಯಿಲೆಯೋರು ಯಾರು ಅಂತ ನೋಡಿದೋರಿಗೆ ಗೊತ್ತಾಗ್ತದೆ."

ಅದು ನಮ್ಮೂರಿನ ನಿಯಮದ ಇನ್ನೊಂದು ಮಗ್ಗುಲು. ಅದುವರೆಗೆ ನಾನದನ್ನು ಯೋಚಿಸಿರಲಿಲ್ಲ. ಏಟು ಹೆಸರಿಗೆ ಹೋಗುತ್ತದೆ. ದಣಿವು ಎಲ್ಲಿಗೂ ಹೋಗುವುದಿಲ್ಲ, ದಣಿದವರ ಮೈಯಲ್ಲೇ ಉಳಿಯುತ್ತದೆ. ಕೆಮ್ಮೂ ಅಷ್ಟೆ, ಕಾಲಿನ ಊತವೂ ಅಷ್ಟೆ. ಆದರೆ ಗಾಯವಿಲ್ಲದ ಕಾರಣ ಅವಳಿಗೆ ರಜೆ ಕೊಡುವವರಿಲ್ಲ, ಫ್ಯಾಕ್ಟರಿಯ ಆಸ್ಪತ್ರೆಯಲ್ಲಿ ನೋಡುವವರೂ ಇಲ್ಲ.

ನನ್ನ ಮನೆಯ ನಿದ್ದೆ ಫಲ ಕೊಟ್ಟಿತು. ಎರಡು ತಿಂಗಳು ನನಗೆ ಒಂದು ಗಾಯವೂ ಆಗಲಿಲ್ಲ. ನಾನು ಟೀ ಅಂಗಡಿಯಲ್ಲಿ ತೋಳು ಮಡಿಸಿ ಎಲ್ಲರಿಗೂ ನುಣುಪಾದ ಮೊಣಕೈ ತೋರಿಸಿದೆ. ಆಗ ಖಲಂದರ್ ಸಾಬಿ ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ನನ್ನ ಎದುರು ಕೂತ.

"ಏನಯ್ಯಾ ಬೋರಲಿಂಗಯ್ಯ, ಇದು ಯಾವ ಸೀಮೆ ನ್ಯಾಯ? ನಿನ್ನ ಮನೇಲಿ ಮಲಗಿ ಎದ್ದು ನಿನ್ನ ಹೆಸರಲ್ಲಿ ನೆಟ್ಟಗೆ ಕೆಲಸ ಮಾಡ್ತಾಳೆ. ಸುಸ್ತಾಗಿ ನನ್ನ ಹೆಸರಲ್ಲಿ ಬೀಳ್ತಾಳೆ!"

ಜವರಪ್ಪನೂ ಕುಂಟುತ್ತ ಬಂದು ಅದನ್ನೇ ಹೇಳಿದ. ಅಂದಿನಿಂದ ಮೂವರ ನಡುವೆ ಪೈಪೋಟಿ. ಖಲಂದರನ ಮನೆಯಿಂದ ಮುದ್ದಮ್ಮನಿಗೆ ಮೊಟ್ಟೆ, ಜವರಪ್ಪನ ಮನೆಯಿಂದ ಹಾಲು, ನಮ್ಮ ಮನೆಯಿಂದ ರೊಟ್ಟಿ. ಅವಳು ತಿಂದು ಬೇಸತ್ತು, "ಅಣ್ಣ, ಹೊಟ್ಟೆ ತುಂಬೈತೆ, ಕಣ್ಣು ತುಂಬ್ತಿಲ್ಲ" ಎಂದಳು. ಮೂರು ಹೆಸರಿನಲ್ಲಿ ಒಂದನ್ನು ಬಿಡಲು ಅವಳಿಂದಾಗದು, ಮಕ್ಕಳಿದ್ದರು. ಮೂವರಲ್ಲಿ ಒಬ್ಬ ತಾನೇ ಹೋಗಿ ತನ್ನ ಹೆಸರಿನ ಕೆಲಸ ಮಾಡಬಹುದಿತ್ತು. ಪಾಲೂ ಅವಳಿಗೇ ಬಿಡಬಹುದಿತ್ತು. ಅಷ್ಟು ಮೊಟ್ಟೆ, ಹಾಲು, ರೊಟ್ಟಿಯ ಆಲೋಚನೆ ಮಾಡಿದ ಮೂರು ತಲೆಗಳಿಗೆ ಇದೊಂದು ಮಾತ್ರ ಹೊಳೆಯಲಿಲ್ಲ.

ಬೇಸಿಗೆ ಬಂತು, ಮದುವೆಗಳು ಬಂದವು. ಬಾವುಟ ದಿನಕ್ಕೆ ನಾಲ್ಕು ಸಲ, ಐದು ಸಲ ಏರತೊಡಗಿತು. ಒಂದು ಬೆಳಗ್ಗೆ ಮುದ್ದಮ್ಮ ನಮ್ಮ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ. ಹಿಂದಿನ ದಿನದಿಂದ ಅವಳು ಮಲಗಿರಲಿಲ್ಲ.

"ಅಣ್ಣ," ಎಂದಳು, "ಇವತ್ತು ನಾನು ಯಾರು?"

"ಅಂದ್ರೆ?"

"ನಿಮ್ಮ ಹೆಸರೋ, ಸಾಬ್ರ ಹೆಸರೋ? ಮರ್ತೋಯ್ತು ಕಣಣ್ಣ."

ದೇವೀರಮ್ಮ ಅವಳನ್ನು ಕೂರಿಸಲು ಹೊರಬರುವಷ್ಟರಲ್ಲಿ ಬಾವುಟ ಏರಿತು. ಮುದ್ದಮ್ಮ ತಿರುಗಿ, ಗಾಳಿಗೆ ತೂಗುವವಳಂತೆ ತೂಗುತ್ತ ಹೊರಟುಹೋದಳು.

ನಾನು ಅಡ್ಡದಾರಿಯಲ್ಲಿ ಓಡಿದೆ. ಅವಳನ್ನು ತಡೆಯಲು ಅಲ್ಲ. ಹಾಜರಿ ಬರೆಯುವ ಮೇಸ್ತ್ರಿ ಗುರುಪಾದಪ್ಪನ ಬಳಿಗೆ ಓಡಿದೆ. ನಾನು ಹೋಗುವಷ್ಟರಲ್ಲಿ ಖಲಂದರನೂ ಜವರಪ್ಪನೂ ಅಲ್ಲಿ ನಿಂತಿದ್ದರು. ಮೂವರೂ ಬಂದದ್ದು ಒಂದೇ ಕೆಲಸಕ್ಕೆ: ಈ ದಿನ ನನ್ನ ಹೆಸರು ಬರೆಯಬೇಡಿ, ಒಂದು ದಿನದ ರಜೆ ಹೋದರೆ ಹೋಗಲಿ.

ಗುರುಪಾದಪ್ಪ ಕನ್ನಡಕ ತೆಗೆದು ನಮ್ಮನ್ನು ನೋಡಿದ. "ಹೆಸರಿಲ್ದೆ ಅವಳ್ನ ಒಳಗೆ ಬಿಡೋದು ಹೆಂಗೆ?"

"ಬಾವುಟ ಏರಿಸಿದೀರಲ್ಲ, ಐಸ್ ಬೇಕಲ್ಲ, ಅದು ನಿಮ್ಮ ಯೋಚನೆ," ಎಂದವನು ನಾನೇ. ಆ ಮಾತು ಖಲಂದರನದೆಂದು ಬಹಳ ದಿನ ನಂಬಲು ಪ್ರಯತ್ನಿಸಿದೆ, ಆಗಲಿಲ್ಲ.

ಗುರುಪಾದಪ್ಪ ಪುಸ್ತಕ ಮುಚ್ಚಿದ. ಮುದ್ದಮ್ಮ ಗೇಟಿನೊಳಗೆ ಹೋದಳು.

ನಾವು ಟೀ ಅಂಗಡಿಗೆ ಬಂದು ಕೂತೆವು. ಎರಡನೆಯ ಟೀ ಬರುವ ಹೊತ್ತಿಗೆ ಫ್ಯಾಕ್ಟರಿಯ ಕಡೆಯಿಂದ ಒಂದು ಕೂಗು ಕೇಳಿಸಿತು. ಬೆಂಚಿನ ಮೇಲಿದ್ದ ಒಂಬತ್ತು ಜನ ಕಾಯಂ ನೌಕರರೂ ತಕ್ಷಣ ಎದ್ದು ನಿಂತು, ಅಭ್ಯಾಸದಂತೆ, ತಮ್ಮ ತಮ್ಮ ಕೈ, ಕಾಲು, ತಲೆ ಮುಟ್ಟಿ ನೋಡಿಕೊಂಡೆವು. ಔಷಧಿ ಅಂಗಡಿಯವನು ಹತ್ತಿ ಹಿಡಿದುಕೊಂಡು ಒಬ್ಬೊಬ್ಬರನ್ನೇ ನೋಡಿದ. ಯಾರಿಗೂ ಏನೂ ಆಗಿರಲಿಲ್ಲ. ನಮಗೆ ಭಯವಾದದ್ದು ಆಗ.

ಸರಪಳಿಯಿಂದ ಜಾರಿದ ಡಬ್ಬ ಅವಳ ಬಲಗಾಲಿನ ಮೇಲೆ ಬಿದ್ದಿತ್ತು. ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು. ಬೇರೆ ಬದಲಿಗಳು ಅವಳನ್ನು ಗೋಣಿತಾಟಿನ ಮೇಲೆ ಮಲಗಿಸಿ ಹೊತ್ತು ತಂದರು. ಅವಳು ಅಳುತ್ತಿರಲಿಲ್ಲ. ರಕ್ತವನ್ನು ನೋಡಿಕೊಂಡು ಬೆರಗಾಗಿ, "ಇದು ನಂದಾ? ನಂದೇನಾ?" ಎಂದು ಕೇಳುತ್ತಿದ್ದಳು. ಅಷ್ಟು ದಿನದಲ್ಲಿ ಅವಳು ತನ್ನ ಕೆಲಸದ ಗಾಯವನ್ನು ತಾನು ಕಂಡದ್ದು ಅದೇ ಮೊದಲು.

ಫ್ಯಾಕ್ಟರಿಯ ಆಸ್ಪತ್ರೆಯ ಗುಮಾಸ್ತ ಪುಸ್ತಕ ತರಿಸಿ ನೋಡಿದ. "ಈ ಹೊತ್ತಿಗೆ ಇಂಥ ಹೆಸರಿನೋರು ಯಾರೂ ಒಳಗೆ ಹೋಗಿಲ್ಲ. ಹೋಗದೆ ಇದ್ದೋರಿಗೆ ಗಾಯ ಹೆಂಗಾಯ್ತು? ಹೆಸರಿಲ್ದೆ ಇದ್ರೆ ಇಲ್ಲಿ ಹಾಸಿಗೆ ಇಲ್ಲ," ಎಂದ. ನಮ್ಮೂರಿನಲ್ಲಿ ಎಲುಬು ಕೂಡಿಸುವವರಿದ್ದ ಆಸ್ಪತ್ರೆ ಅದೊಂದೇ. ಮುದ್ದಮ್ಮ ಹೊರಗಿನ ಜಗಲಿಯ ಮೇಲೆ ಗೋಣಿತಾಟಿನಲ್ಲೇ ಇದ್ದಳು. ನಾನು ಕಂಬದ ಹಿಂದೆ ನಿಂತಿದ್ದೆ. ಆಗ ದೇವೀರಮ್ಮ ಬಂದಳು. ಅವಳಿಗೆ ಯಾರು ಏನು ಹೇಳಿದ್ದರೋ ಗೊತ್ತಿಲ್ಲ. ಕಂಬದ ಹಿಂದೆ ನಾನಿರುವುದು ಮಾತ್ರ ಅವಳಿಗೆ ಗೊತ್ತಿತ್ತು. ನೇರವಾಗಿ ಬಂದು, "ಹೆಸರು ತೆಗೆಸಿದ್ರಾ?" ಎಂದಳು. ನಾನು ತಲೆಯಾಡಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ವಾದ ಹೂಡಬಹುದಿತ್ತು. ನನ್ನ ತೋಳು ಹಿಡಿದು ಗುರುಪಾದಪ್ಪನ ಬಳಿಗೆ ಎಳೆದೊಯ್ದಳು.

"ಪುಸ್ತಕದಲ್ಲಿ ಹತ್ತು ಗೆರೆ ಅವೆ ಅಂತ ನಮ್ಮನೆಯೋರು ಹೇಳ್ತಿದ್ರು. ಜನ ಒಂಬತ್ತು. ಹತ್ತನೇದು ಖಾಲಿ ಅಲ್ವಾ?"

"ಹೋದ ವರ್ಷ ನಿವೃತ್ತಿ ಆದೋನ್ದು," ಎಂದ ಗುರುಪಾದಪ್ಪ.

"ಅಲ್ಲಿ ಮುದ್ದಮ್ಮ ಅಂತ ಬರೀರಿ. ಬೆಳಗ್ಗೆ ಬಾವುಟ ಏರಿದ ಹೊತ್ತಿಂದ ಬರೀರಿ."

ಗುರುಪಾದಪ್ಪ ಕೆಟ್ಟವನಲ್ಲ. ಆ ಬೆಳಗ್ಗೆ ಪುಸ್ತಕ ಮುಚ್ಚಿದ ಕೈಯನ್ನು ಅವನೂ ಆಗಾಗ ನೋಡಿಕೊಳ್ಳುತ್ತಿದ್ದ. "ಬರೀತೀನಮ್ಮ. ಆದ್ರೆ ಬರೆದ ಹೆಸರಲ್ಲಿ ಮೂರು ದಿನ ಯಾರೂ ಕೆಲಸ ಮಾಡದೆ ಇದ್ರೆ ಮ್ಯಾನೇಜರು ಹೊಡೆದುಹಾಕ್ತಾರೆ. ಆಮೇಲೆ ಹಾಸಿಗೇನೂ ಹೋಗ್ತದೆ. ಕಾಲು ಮುರಿದೋಳು ಹೆಂಗೆ ಬರ್ತಾಳೆ?"

"ಇವರು ಬರ್ತಾರೆ," ಎಂದು ದೇವೀರಮ್ಮ ನನ್ನ ತೋಳನ್ನು ಮುಂದಕ್ಕೆ ಚಾಚಿದಳು. ಮದುವೆಯಾದಂದಿನಿಂದ ಅವಳು ನನ್ನನ್ನು ಯಾರಿಗೂ ಅಷ್ಟು ಧಾರಾಳವಾಗಿ ಕೊಟ್ಟಿರಲಿಲ್ಲ.

ಹೀಗೆ ನಾನು ನಲವತ್ತಾರನೆಯ ವಯಸ್ಸಿನಲ್ಲಿ ಮುದ್ದಮ್ಮನ ಬದಲಿಯಾದೆ. ನನ್ನ ಹೆಸರಿಗೆ ರಜೆ ಬರೆಸಿ, ಅವಳ ಹೆಸರಿನಲ್ಲಿ ಗೇಟಿನೊಳಗೆ ಹೋಗಬೇಕು. ಒಳಗೆ ನಾನು ಎಡವಿದರೆ ಏಟು ಅವಳಿಗೆ. ಸುದ್ದಿ ಕೇಳಿದಾಗ ಮುದ್ದಮ್ಮ ಹಾಸಿಗೆಯ ಮೇಲೆ, ಕಾಲಿಗೆ ಹಲಗೆ ಕಟ್ಟಿಸಿಕೊಂಡು ಮಲಗಿದ್ದಳು. ಎಲುಬು ಕೂಡಿಸುವಾಗ ಕೂಗದಿದ್ದವಳು ಆಗ ಕೂಗಿದಳು.

"ಅಕ್ಕಾ, ಬ್ಯಾಡ ಕಣಕ್ಕ! ನಿಮ್ಗೆ ಕೈ ಮುಗೀತೀನಿ! ಆ ಯಣ್ಣ ನಿಮ್ಮನೆ ಬಾಗಿಲಿಗೇ ದಿನಾ ತಲೆ ಹೊಡ್ಕೊಳ್ಳೋರು! ಇರೋ ಒಂದು ಕಾಲೂ ಹೋಯ್ತದೆ!"

"ನಾನು ಹೇಳ್ತೀನಿ ಬಿಡು, ಹುಷಾರಾಗಿರ್ತಾರೆ," ಎಂದಳು ದೇವೀರಮ್ಮ.

"ಯಾರ್ನಾದ್ರೂ ಬೇರೆಯೋರ್ನ ಕಳ್ಸಕ್ಕ. ಆ ಜವರಪ್ಪಣ್ಣ ಕುಂಟ್ತಾ ಆದ್ರೂ ನೋಡ್ಕೊಂಡು ನಡೀತಾರೆ!"

ನಾನು ಅಲ್ಲೇ ನಿಂತಿದ್ದೆ. ಕುಂಟುವ ಜವರಪ್ಪನಿಗಿಂತ ಕಡೆ ಎಂದು ಎದುರಿಗೇ ಹೇಳಿಸಿಕೊಂಡ ಮೇಲೆ, "ಪ್ರಯತ್ನ ಮಾಡ್ತೀನಿ" ಎಂದೆ. ಅದರಿಂದ ಅವಳಿಗೆ ಧೈರ್ಯ ಬಂದಂತೆ ಕಾಣಲಿಲ್ಲ.

ಮೊದಲ ದಿನ ನಾನು ನೆಲವನ್ನು ಕಾಲಿನಿಂದ ತಡವಿ ತಡವಿ, ಹಾವಿರುವ ಕೋಣೆಯಲ್ಲಿ ನಡೆಯುವವನಂತೆ ನಡೆದೆ. ಬೇರೆ ಬದಲಿಗಳು ಹತ್ತು ಗಡ್ಡೆ ಎಳೆಯುವ ಹೊತ್ತಿಗೆ ನಾನು ಒಂದು ಎಳೆಯುತ್ತಿದ್ದೆ. ಆದರೂ ತಲೆಯೆತ್ತುವಾಗ ಕಬ್ಬಿಣದ ತೊಲೆಗೆ ಹಣೆ ತಾಗಿತು. ನನಗೆ ಏನೂ ಆಗಲಿಲ್ಲ, ಒಂದಿಷ್ಟು ನೋವೂ ಇಲ್ಲ. ಆ ನೋವಿಲ್ಲದಿರುವಿಕೆಯಷ್ಟು ಕೆಟ್ಟದ್ದನ್ನು ನಾನು ಬೇರೆ ಅನುಭವಿಸಿಲ್ಲ. ಕೆಲಸ ಮುಗಿದ ಕೂಡಲೇ ಆಸ್ಪತ್ರೆಗೆ ಓಡಿದೆ. ಮುದ್ದಮ್ಮ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗಿದ್ದಳು.

"ತೊಲೆ ತಾನೆ?" ಎಂದಳು.

"ಹೂಂ."

"ಅದರ ಕೆಳಗೆ ಏಳೋವಾಗ ಮೊದ್ಲು ಎಡಕ್ಕೆ ಬಗ್ಗಬೇಕು. ಮೂರನೇ ಕಂಬದ ಹತ್ರ ಯಾವಾಗ್ಲೂ ನೀರು ನಿಲ್ತದೆ, ಅಲ್ಲಿ ಪಾದ ಅಡ್ಡ ಇಡಿ. ಸರಪಳಿ ಗುಂಯ್ ಅಂದ್ರೆ ಸರಿ, ಕಟಕಟ ಅಂದ್ರೆ ಕೆಳಗಿಂದ ಓಡಿ. ಮೂರು ಹೆಸರಲ್ಲೂ ಇದು ನಂಗೆ ಗೊತ್ತಿತ್ತು ಕಣಣ್ಣ. ನಿದ್ದೆಗೆಟ್ಟಾಗ ಮಾತ್ರ ಯಾವುದೂ ನೆನಪಿಗೆ ಬರ್ತಿರ್ಲಿಲ್ಲ."

ದಿನಾ ಹೋಗಿ ಪಾಠ ಹೇಳಿಸಿಕೊಂಡೆ. ಒಂದು ವಾರದಲ್ಲಿ ಅವಳ ಮೈಮೇಲೆ ಹೊಸ ಗುರುತು ಬರುವುದು ನಿಂತಿತು. ನನ್ನ ಪಾದಗಳು ಊದಿದವು, ಕೆಮ್ಮು ಹಿಡಿಯಿತು. ಅವು ಮಾತ್ರ ನನ್ನವೇ. ಆದರೆ ಮದುವೆಯ ಕಾಲ ಮುಗಿದಿರಲಿಲ್ಲ. ಹತ್ತನೆಯ ದಿನ ಬಾವುಟ ಬೆಳಗಿನ ಜಾವ ಏರಿತು, ಇಳಿಯಿತು. ಮನೆಗೆ ಬಂದು ಚಾಪೆ ಬಿಡಿಸುವಷ್ಟರಲ್ಲಿ ಮತ್ತೆ ಏರಿತು. ಎರಡನೆಯ ಸರತಿ ಮುಗಿಸಿ ಹೊರಗೆ ಬರುವಾಗ ನನಗೆ ಗೇಟುಗಳು ಎರಡು ಕಾಣುತ್ತಿದ್ದವು. ಯಾವುದರಲ್ಲಿ ಹೊರಗೆ ಹೋಗಬೇಕೆಂದು ಯೋಚಿಸುತ್ತಿರುವಾಗಲೇ, ಉರಿಬಿಸಿಲಿನಲ್ಲಿ, ಬಾವುಟ ಮೂರನೆಯ ಸಲ ಏರಿತು.

ನಾನು ಗೇಟಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಧೈರ್ಯದಿಂದ ಕೂತೆ ಎಂದು ಆಮೇಲೆ ಕೆಲವರು ಹೇಳಿದರು. ಕಾಲು ನಿಲ್ಲಲಿಲ್ಲ, ಅದಕ್ಕೆ ಕೂತೆ.

ಗುರುಪಾದಪ್ಪ ಬಂದ. "ಬೋರಲಿಂಗಯ್ಯ, ಏಳಯ್ಯ. ಮೂರು ಮದುವೆ ಮನೆಗೆ ಹೋಗ್ಬೇಕು ಐಸು."

"ಬೋರಲಿಂಗಯ್ಯ ರಜದಲ್ಲವ್ನೆ. ಪುಸ್ತಕ ನೋಡಿ."

ಅವನು ಮೇಲಿನ ಮಹಡಿಯ ಕಿಟಕಿಯತ್ತ ಒಮ್ಮೆ ನೋಡಿದ. ಅಲ್ಲಿ ಮ್ಯಾನೇಜರ್ ನಿಂತಿದ್ದ. "ಸರಿ. ಮುದ್ದಮ್ಮ, ಏಳಮ್ಮ," ಎಂದ.

"ಮುದ್ದಮ್ಮಂಗೆ ನಿದ್ದೆ ಬಂದದೆ," ಎಂದೆ.

ಸುತ್ತ ನಿಂತಿದ್ದ ಬದಲಿಗಳು ನಕ್ಕರು. ನಾನು ನಗಲಿಲ್ಲ. ಈ ಸ್ಥಿತಿಯಲ್ಲಿ ನಾನು ಒಳಗೆ ಹೋದರೆ ಆ ತುದಿಯಲ್ಲಿ ಒಬ್ಬ ಹೆಂಗಸಿನ ಇನ್ನೊಂದು ಕಾಲು ಮುರಿಯುತ್ತದೆಂದು, ಎರಡಾಗಿ ಕಾಣುತ್ತಿದ್ದ ಎಲ್ಲದರ ನಡುವೆ, ನನಗೆ ಒಂದೇ ಒಂದಾಗಿ ಕಾಣುತ್ತಿತ್ತು. ಅದನ್ನು ಹೇಳಲು ಹೋದೆ, ಮಾತು ಸರಿಯಾಗಿ ಬರಲಿಲ್ಲ. "ಅವಳಿಗೆ ನಿದ್ದೆ ಬಂದದೆ ಸ್ವಾಮಿ," ಎಂದು ಮತ್ತೆ ಹೇಳಿದೆ, ಮ್ಯಾನೇಜರನ ಕಿಟಕಿಗೆ ಕೇಳುವಂತೆ.

ನಕ್ಕವರಲ್ಲಿ ಒಬ್ಬಳು, ಹಿಂದಿನ ದಿನದಿಂದ ಮನೆಗೆ ಹೋಗದಿದ್ದವಳು, "ನಂಗೂ ಬಂದದೆ" ಎಂದು ನನ್ನ ಪಕ್ಕದಲ್ಲಿ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಟೀ ಅಂಗಡಿಯಿಂದ ಇದನ್ನೆಲ್ಲ ನೋಡುತ್ತಿದ್ದ ಖಲಂದರ್ ಸಾಬಿ ಎದ್ದು ಬಂದ. ಕೂತವರಲ್ಲಿ, ಮುದ್ದಮ್ಮನ ಜಾಗಕ್ಕೆ ಬಂದ ಅವನ ಹೊಸ ಬದಲಿಯೂ ಇದ್ದ. ಅವನು ತಲೆ ಕೆರೆದುಕೊಂಡು, "ಗುರುಪಾದಪ್ಪನೋರೇ, ನನ್ನ ಹೆಸರಲ್ಲಿ ನಾನೇ ಹೋಗ್ತೀನಿ. ಆದ್ರೆ ನಾಳೆ ಬೆಳಗ್ಗೆ" ಎಂದು ಹೇಳಿ, ಅವನೂ ಕೂತ.

ಆ ದಿನ ಬಾವುಟ ಸಂಜೆಯವರೆಗೆ ಏರಿಯೇ ಇತ್ತು, ಯಾರೂ ಒಳಗೆ ಹೋಗಲಿಲ್ಲ. ಮೂರು ಮದುವೆಗಳಲ್ಲಿ ಜನ ಬೆಚ್ಚನೆಯ ಪಾನಕ ಕುಡಿದರು, ಮದುವೆಗಳು ಆಗಿಯೇ ಆದವು. ಮುಂದಿನ ವಾರ ಮ್ಯಾನೇಜರ್ ನಮ್ಮ ಮೇಲೆ ಬಹಳ ಕೂಗಾಡಿದ. ಅದರ ಮುಂದಿನ ವಾರ ಹ್ಞೂಂ ಎಂದ. ತಿಂಗಳ ಕೊನೆಗೆ ಪಾಳಿಯ ಗಂಟೆ ಮತ್ತೆ ಬಾರಿಸತೊಡಗಿತು. ಅದಕ್ಕೂ ಅವನು ಅನುಕೂಲ ಪದ್ಧತಿ ಎಂದೇ ಹೆಸರಿಟ್ಟ. ಮುದ್ದಮ್ಮ ಮಳೆಗಾಲ ಮುಗಿಯುವ ಹೊತ್ತಿಗೆ, ಸ್ವಲ್ಪ ಕುಂಟುತ್ತ, ಹತ್ತನೆಯ ಗೆರೆಯ ಕೆಲಸಕ್ಕೆ ತಾನೇ ಬಂದಳು. ಕುಂಟು ಹೋಗಲಿಲ್ಲ, ಹೋಗುವುದೂ ಇಲ್ಲವಂತೆ. ಅದನ್ನು ನಾನು ದಿನಾ ಬೆಳಗ್ಗೆ ಆರಕ್ಕೆ ನೋಡುತ್ತೇನೆ, ಯಾಕೆಂದರೆ ಈಗ ನನ್ನ ಹೆಸರಿನಲ್ಲಿ ನಾನೇ ಹೋಗುತ್ತೇನೆ. ಆ ಬೆಳಗ್ಗೆ ಹೆಸರು ತೆಗೆಸಿದ್ದು ನಾನೆಂದು ಅವಳಿಗೆ ಆಸ್ಪತ್ರೆಯಲ್ಲೇ ಹೇಳಿದೆ. "ಗೊತ್ತು," ಎಂದಳು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ, ಐಸ್ ಗಡ್ಡೆಗೆ ಕೊಕ್ಕೆ ಎಲ್ಲಿ ಹಾಕಬೇಕೆಂದು ಹೇಳಿಕೊಟ್ಟಳು.

ಆದರೆ ಇದೆಲ್ಲ ಆಮೇಲಿನ ಮಾತು. ಗೇಟಿನ ಮುಂದೆ ಕೂತ ದಿನ ಗುರುಪಾದಪ್ಪ ಸೋತು ಒಳಗೆ ಹೋದ ಮೇಲೆ, ನಾನು ಎದ್ದು ಆಸ್ಪತ್ರೆಗೆ ನಡೆದೆ. ದಾರಿಯುದ್ದಕ್ಕೂ ನಾನು ಹೇಳಿದ ಮಾತನ್ನು ಮನಸ್ಸಿನಲ್ಲೇ ತಿದ್ದಿದೆ. ಮೊದಲ ತಿರುವಿನಲ್ಲಿ ಅದು ಸಣ್ಣ ಭಾಷಣವಾಯಿತು, ಎರಡನೆಯ ತಿರುವಿನಲ್ಲಿ ಮ್ಯಾನೇಜರ್ ಬೆವರು ಒರೆಸಿಕೊಂಡ. ಆಸ್ಪತ್ರೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ನಾನು ಸಾಕಷ್ಟು ದೊಡ್ಡ ಮನುಷ್ಯನಾಗಿದ್ದೆ.

ಮುದ್ದಮ್ಮ ಮಲಗಿದ್ದಳು.

"ನಿನ್ನೆ ಮಧ್ಯಾಹ್ನದಿಂದ ಮಲಗವ್ಳೆ," ಎಂದಳು ಆಯಾ. "ಗಂಜಿಗೆ ಎಬ್ಬಿಸಿದ್ರೆ ಕುಡಿದು ಮತ್ತೆ ಮಲಗ್ತಾಳೆ. ಡಾಕ್ಟ್ರು ಎಬ್ಬಿಸ್ಬೇಡಿ ಅಂದವ್ರೆ. ನೀವು ಎಬ್ಬಿಸ್ಬೇಕಾ?"

"ಬೇಡ," ಎಂದೆ.

ಸ್ಟೂಲಿನ ಮೇಲೆ ಕೂತೆ. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಉಸಿರಿನ ಸಿಳ್ಳೆ ಕಡಿಮೆಯಾಗಿತ್ತು. ಒಂದು ಕೈ ಮಂಚದ ಕೆಳಗೆ ಜೋಲುತ್ತಿತ್ತು, ಅದರಲ್ಲಿ ಏನನ್ನೂ ಹಿಡಿದಿರಲಿಲ್ಲ. ಅರ್ಧ ಗಂಟೆ ಕಳೆದಿರಬೇಕು, ಅವಳು ಕಣ್ಣು ತೆರೆಯದೆಯೇ, ತೊದಲುತ್ತ ಕೇಳಿದಳು.

"ಬಾವುಟ ಏರ್ತಾ?"

ಹಾಸಿಗೆಯ ಎದುರಿನ ಕಿಟಕಿಯಲ್ಲಿ ಅದು ಕಾಣುತ್ತಿತ್ತು. ಬಿಸಿಲಿನಲ್ಲಿ ಕೆಂಪಗೆ, ಬೀಸುವ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಇಲ್ಲ, ಮಲಗು," ಎಂದೆ. ಎದ್ದು ಹೋಗಿ ಕಿಟಕಿಯ ಬಾಗಿಲು ಮುಚ್ಚಿದೆ.